ಕೊಲೆಗಾರನ ಮೇಲಿನ ಅಕ್ಕರೆ

ಕಳೆದ ಬೇಸಗೆಯ ರಜೆಯಲ್ಲಿ ಒಂದು ರಾತ್ರಿ ನಾನು ಒಬ್ಬ ಕೊಲೆಗಾರನಿಗೆ ಜಯವಾಗಲೆಂದು ಹಾರೈಸಿದೆನು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ, ನಾಲ್ವತ್ತು ದಾಟಿದ, ಮಗಳನ್ನು ಕಾಲೇಜಿಗೆ ಸೇರಿಸುವ ಚಿಂತೆಯಲ್ಲಿದ್ದ ನನ್ನಂಥವನಿಗೆ ಇದು ಹೇಗೆ ಸಾಧ್ಯವಾಯಿತೆಂದು ಮರುದಿನ ಬೆಳಿಗ್ಗೆ ನಾನೇ ಬೆರಗಾದೆನು. ಈ ಲೇಖನ ಹುಟ್ಟಿದ್ದು ಆ ಬೆರಗಿನಿಂದ.

ನಾನು ನೋಡುತ್ತಿದ್ದುದು 'ದಿ ಸೊಪ್ರಾನೋಸ್' ಎಂಬ ಅಮೆರಿಕದ ಧಾರಾವಾಹಿಯ ಐದನೆಯ ಕಂತು. ಟೋನಿ ಸೊಪ್ರಾನೊ ಎಂಬ ತಂದೆ ತನ್ನ ಮಗಳು ಮೆಡೊಳನ್ನು ಕಾರಿನಲ್ಲಿ ಕೂರಿಸಿಕೊಂಡು ಮೇನ್ ಸಂಸ್ಥಾನದ ಕಾಲೇಜುಗಳನ್ನು ತೋರಿಸಲು ಹೊರಟಿದ್ದಾನೆ. ನೀನು ಮಾಫಿಯಾದವನೇ ಎಂದು ಮಗಳು ದಾರಿಯಲ್ಲಿ ನೇರವಾಗಿ ಕೇಳುತ್ತಾಳೆ. ತಂದೆ ಮೊದಲು ಗದರುತ್ತಾನೆ, ಆಮೇಲೆ ಅರ್ಧ ಸತ್ಯವನ್ನು ಒಪ್ಪಿಕೊಳ್ಳುತ್ತಾನೆ. ತಂದೆ ಮಕ್ಕಳ ನಡುವೆ ಹಾಗೆ ಒಂದು ಬಾಗಿಲು ತೆರೆದ ಹೊತ್ತಿನಲ್ಲಿಯೇ, ಹಿಂದೊಮ್ಮೆ ತನ್ನ ತಂಡದಲ್ಲಿದ್ದು ಸರಕಾರಕ್ಕೆ ಗುಟ್ಟು ಬಿಟ್ಟುಕೊಟ್ಟವನೊಬ್ಬ ಬೇರೆ ಹೆಸರಿನಿಂದ ಆ ಊರಿನಲ್ಲಿ ಬದುಕುತ್ತಿರುವುದು ಟೋನಿಯ ಕಣ್ಣಿಗೆ ಬೀಳುತ್ತದೆ. ಮಗಳನ್ನು ಕಾಲೇಜಿಗೆ ಬಿಟ್ಟು ಬಂದು, ಆ ಮನುಷ್ಯನ ಕೊರಳಿಗೆ ತಂತಿ ಬಿಗಿದು, ತನ್ನ ಕೈಯಾರೆ ಕೊಲ್ಲುತ್ತಾನೆ. ಮರಳಿ ಬಂದು ಮಗಳೆದುರು ನಗುತ್ತಾನೆ. ಮತ್ತೆ ಸುಳ್ಳು ಹೇಳುತ್ತಾನೆ.

ಸತ್ತವನಿಗೂ ಒಬ್ಬ ಹೆಂಡತಿ ಇದ್ದಳು, ಪುಟ್ಟ ಮಗಳೊಬ್ಬಳಿದ್ದಳು. ಅದನ್ನು ನಾನು ನೋಡಿದ್ದೆನು. ಆದರೂ ಆ ಹೊತ್ತಿನಲ್ಲಿ ನನ್ನ ಆತಂಕವೆಲ್ಲ ಟೋನಿ ಸಿಕ್ಕಿಬಿದ್ದಾನೆಂಬುದು, ಮಗಳ ಮುಂದೆ ಅವನ ಮಾನ ಹೋದೀತೆಂಬುದು! ಕಲೆಯ ಈ ಶಕ್ತಿಯನ್ನು ಹೊಗಳಬೇಕೆ, ಅದಕ್ಕೆ ಹೆದರಬೇಕೆ?

ಈ ಕೃತಿಯನ್ನರಿಯದ ಓದುಗರಿಗಾಗಿ ಕೆಲವು ಸಂಗತಿಗಳನ್ನು ಹೇಳಬೇಕು. ಎಚ್‌ಬಿಒ ಎಂಬ ಚಂದಾ ವಾಹಿನಿಯಲ್ಲಿ 1999ರ ಜನವರಿ 10ರಂದು ಇದರ ಮೊದಲ ಕಂತು ಪ್ರಸಾರವಾಯಿತು. 2007ರ ಜೂನ್ 10ರಂದು ಕೊನೆಯದು. ಒಟ್ಟು 86 ಕಂತುಗಳು. ನಿರ್ಮಾತೃ ಡೇವಿಡ್ ಚೇಸ್ ಇಟಾಲಿಯನ್ ಮೂಲದ ಮನೆತನದಲ್ಲಿ 1945ರಲ್ಲಿ ಜನಿಸಿ ನ್ಯೂಜೆರ್ಸಿಯಲ್ಲಿ ಬೆಳೆದವರು. 2004ರಲ್ಲಿ ಗಂಭೀರ ಕಥಾವಸ್ತುವಿನ (ಡ್ರಾಮಾ) ವಿಭಾಗದ ಶ್ರೇಷ್ಠ ಧಾರಾವಾಹಿಗಾಗಿ ಎಮ್ಮಿ ಪ್ರಶಸ್ತಿಯನ್ನು ಪಡೆದಾಗ, ಕೇಬಲ್ ವಾಹಿನಿಯ ಕೃತಿಯೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು. 2013ರಲ್ಲಿ ಅಮೆರಿಕದ ಲೇಖಕರ ಸಂಘವು ದೂರದರ್ಶನದ 101 ಉತ್ತಮ ರಚನೆಗಳ ಪಟ್ಟಿಯನ್ನು ಹೊರಡಿಸಿ ಇದಕ್ಕೆ ಮೊದಲ ಸ್ಥಾನವಿತ್ತಿತು. ಟೋನಿಯ ಪಾತ್ರವನ್ನು ವಹಿಸಿದ ಜೇಮ್ಸ್ ಗ್ಯಾಂಡೊಲ್ಫಿನಿ ಅದೇ ವರ್ಷದ ಜೂನ್‌ನಲ್ಲಿ, 51ನೆಯ ವಯಸ್ಸಿಗೆ, ರೋಮ್ ನಗರದಲ್ಲಿ ತೀರಿಕೊಂಡರು. 2021ರಲ್ಲಿ ಟೋನಿಯ ಎಳೆಹರೆಯವನ್ನು ಕುರಿತ ಚಲನಚಿತ್ರ ಬಂದಾಗ ಆ ಪಾತ್ರವನ್ನು ವಹಿಸಿದವರು ನಟನ ಸ್ವಂತ ಮಗ. ಕಥೆ ಮುಗಿದು ಇಷ್ಟು ಕಾಲವಾದ ಮೇಲೆಯೂ, ಅದು ಆರಂಭವಾದಾಗ ಹುಟ್ಟಿಯೇ ಇರದಿದ್ದ ತರುಣರು ಇಂದು ಅದನ್ನು ನೋಡುತ್ತಿದ್ದಾರೆ. ನನ್ನ ತರಗತಿಯಲ್ಲಿಯೂ ಅಂಥವರಿದ್ದಾರೆ.

ಈ ಆಕರ್ಷಣೆಯ ಗುಟ್ಟೇನು?

ಮೊದಲನೆಯದು, ಇದು ಪಾತಕಿಯ ಕಥೆಯನ್ನು ಸಂಸಾರಿಯ ಕಥೆಯಾಗಿ ಹೇಳಿದ್ದು. ಟೋನಿಯ ಮನೆಯ ಈಜುಕೊಳಕ್ಕೆ ಒಂದು ಜೋಡಿ ಕಾಡುಬಾತುಗಳು ಬಂದು ಮರಿ ಮಾಡುತ್ತವೆ. ರೆಕ್ಕೆ ಬಲಿತ ಮೇಲೆ ಅವು ಹಾರಿಹೋದಾಗ ಈ ದೈತ್ಯ ದೇಹಿ ಉಸಿರುಕಟ್ಟಿ ನೆಲಕ್ಕೆ ಬೀಳುತ್ತಾನೆ. ಮನೋವೈದ್ಯೆ ಜೆನಿಫರ್ ಮೆಲ್ಫಿಯ ಮುಂದೆ ಕುಳಿತು ಆ ಬಾತುಗಳನ್ನು ನೆನೆದು ಅಳುತ್ತಾನೆ. ಸಂಸಾರ ತನ್ನ ಕೈತಪ್ಪಿ ಹೋದೀತೆಂಬ ಭಯವೇ ಆ ಅಳುವಿನ ಮೂಲವೆಂದು ವೈದ್ಯೆಗೆ ಹೊಳೆಯುತ್ತದೆ. ಮೊದಲ ಕಂತಿನಲ್ಲಿಯೇ ಬರುವ ಈ ಬಾತುಗಳು ಇಡೀ ಕೃತಿಯ ಬೀಜ. ಬೆಳೆದ ಮಕ್ಕಳ ತಂದೆತಾಯಿಗಳಾದ ಯಾರಿಗೆ ತಾನೆ ಆ ಭಯ ಅಪರಿಚಿತ?

ಎರಡನೆಯದು, ಕಾಲಬೋಧೆ. ತಾನು ಎಲ್ಲ ಮುಗಿಯುವ ಹೊತ್ತಿಗೆ ಹುಟ್ಟಿಬಂದೆನೆಂದು ಟೋನಿ ಮೊದಲ ದಿನವೇ ವೈದ್ಯೆಗೆ ಹೇಳುತ್ತಾನೆ. ಹಿರಿಯರ ಕಾಲದಲ್ಲಿ ಕಟ್ಟುಪಾಡಿತ್ತು, ಈಗ ಯಾವುದೂ ಉಳಿದಿಲ್ಲವೆಂಬ ಈ ಹಳಹಳಿಕೆ ಕಳ್ಳನ ಬಾಯಿಂದ ಬಂದರೂ ಅದು ಒಂದು ನಾಗರಿಕತೆಯ ನಿಟ್ಟುಸಿರಿನಂತೆ ಕೇಳುತ್ತದೆ. ಆರಂಭದ ಚಿತ್ರಮಾಲೆಯಲ್ಲಿ ಟೋನಿಯ ಕಾರಿನ ಕನ್ನಡಿಯಲ್ಲಿ ನ್ಯೂಯಾರ್ಕಿನ ಜೋಡಿ ಗೋಪುರಗಳು ಕಾಣುತ್ತಿದ್ದವು. ಅವು ನೆಲಸಮವಾದ ಬಳಿಕ, 2002ರ ಕಂತುಗಳಿಂದ ಆ ನೋಟವನ್ನು ತೆಗೆದುಹಾಕಲಾಯಿತು. ಕಥೆಯ ಒಳಗಿನ ಕುಸಿತಕ್ಕೂ ಹೊರಗಿನ ಕುಸಿತಕ್ಕೂ ಹೀಗೊಂದು ನಂಟು ತಾನಾಗಿ ಬೆಳೆಯಿತು. ನಾಳೆಯ ಬಗ್ಗೆ ನಂಬಿಕೆ ಕಳೆದುಕೊಂಡ ಇಂದಿನ ತರುಣರಿಗೆ ಈ ಧ್ವನಿ ತಮ್ಮದೆನಿಸಿದರೆ ಸೋಜಿಗವಿಲ್ಲ.

ಮೂರನೆಯದು, ನಗು. ಈ ಜನ ದೊಡ್ಡ ದೊಡ್ಡ ಮಾತುಗಳನ್ನು ತಪ್ಪಾಗಿ ಬಳಸುತ್ತಾರೆ; ಹಿಮ ಬಿದ್ದ ಕಾಡಿನಲ್ಲಿ ದಾರಿತಪ್ಪಿ, ಹಸಿವಿನಿಂದ ಕಂಗೆಟ್ಟು, ಒಬ್ಬರನ್ನೊಬ್ಬರು ಬಯ್ದುಕೊಳ್ಳುತ್ತಾರೆ. ಹಾಸ್ಯ ಮತ್ತು ಭಯಾನಕಗಳು ಒಂದೇ ತಟ್ಟೆಯಲ್ಲಿ ಉಣಬಡಿಸಲ್ಪಡುತ್ತವೆ. ನಕ್ಕವನು ಅರ್ಧ ಕ್ಷಮಿಸಿದಂತೆಯೇ ಎಂಬುದನ್ನು ಲೇಖಕರು ಬಲ್ಲರು.

ದುಷ್ಟನಾಯಕನ ಮೇಲೆ ನಮ್ಮ ಕರುಣೆ ಹರಿಯುವುದು ಕನ್ನಡ ಓದುಗರಿಗೆ ಹೊಸದಲ್ಲ. ಹತ್ತನೆಯ ಶತಮಾನದ ರನ್ನ ತನ್ನ 'ಗದಾಯುದ್ಧ'ದಲ್ಲಿ ಭೀಮನನ್ನು ನಾಯಕನನ್ನಾಗಿ ಮಾಡಿದರೂ ನಮ್ಮ ಮನಸ್ಸು ದುರ್ಯೋಧನನ ಹಿಂದೆ ಹೋಗುತ್ತದೆ. ಆದರೆ ಎರಡಕ್ಕೂ ಇರುವ ಅಂತರವನ್ನು ಗಮನಿಸಬೇಕು. ರನ್ನನ ದುರ್ಯೋಧನ ಹೆಣಗಳ ರಾಶಿಯ ನಡುವೆ ನಡೆಯುತ್ತ ದ್ರೋಣನಿಗಾಗಿ, ದುಶ್ಶಾಸನನಿಗಾಗಿ, ಕರ್ಣನಿಗಾಗಿ ಮರುಗುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಆ ಬಾಲಕನ ಶೌರ್ಯವನ್ನು ಕೊಂಡಾಡುತ್ತಾನೆ. ಸೋಲಿನಲ್ಲಿ ಅವನು ದೊಡ್ಡವನಾಗುತ್ತಾನೆ. ಟೋನಿಯದು ಇದಕ್ಕೆ ನೇರ ವಿರುದ್ಧವಾದ ದಾರಿ. ತಾನೇ ಸಾಕಿ ಬೆಳೆಸಿದಂತಿದ್ದ ಕ್ರಿಸ್ಟಫರ್ 2007ರ ಒಂದು ಕಂತಿನಲ್ಲಿ ಕಾರಿನ ಅಪಘಾತದಲ್ಲಿ ಗಾಯಗೊಂಡು ಉಸಿರಿಗಾಗಿ ಒದ್ದಾಡುತ್ತಿರುವಾಗ, ಟೋನಿ ಅವನ ಮೂಗು ಹಿಡಿದು ಕೊಲ್ಲುತ್ತಾನೆ. ಹಿಂದಿನ ಆಸನದಲ್ಲಿದ್ದ ಕ್ರಿಸ್ಟಫರನ ಕೂಸಿನ ಕುರ್ಚಿಗೆ ಮರದ ಕೊಂಬೆ ಚುಚ್ಚಿಕೊಂಡಿರುತ್ತದೆ. ಮಗು ಅಲ್ಲಿರಲಿಲ್ಲ, ಆದರೂ ಆ ಕುರ್ಚಿಯನ್ನೇ ಮತ್ತೆ ಮತ್ತೆ ನೆನೆದು ತನ್ನ ಕೃತ್ಯಕ್ಕೆ ಸಮರ್ಥನೆ ಹುಡುಕುತ್ತಾನೆ. ಆಮೇಲೆ ಲಾಸ್ ವೇಗಸ್ಸಿಗೆ ಹೋಗಿ ಜೂಜಾಡಿ ಗೆಲ್ಲುತ್ತಾನೆ. ರುದ್ರನಾಟಕದ ನಾಯಕ ಬೀಳುವಾಗ ಬೆಳೆಯುತ್ತಾನೆ. ಈತನು ಗೆಲ್ಲುವಾಗ ಕುಗ್ಗುತ್ತಾನೆ. ಎಂಟು ವರ್ಷಗಳ ಕಾಲ ನಮ್ಮ ಪ್ರೀತಿಯನ್ನು ಗಳಿಸಿ, ಕೊನೆಗೆ ಅದು ಅಪಾತ್ರದಾನವೆಂದು ತೋರಿಸುವ ಈ ಧೈರ್ಯವೇ ಕೃತಿಯ ಹಿರಿಮೆ ಎಂದು ನನ್ನ ಮತ.

ಟೋನಿಯ ಬಳಿ ಇರುವ ಇಬ್ಬರು ಹೆಂಗಸರನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾದೀತು. ಒಬ್ಬಳು ಹೆಂಡತಿ ಕಾರ್ಮೆಲಾ. 2001ರ ಒಂದು ಕಂತಿನಲ್ಲಿ ಅವಳು ಒಬ್ಬ ವೃದ್ಧ ಮನೋವೈದ್ಯನ ಬಳಿಗೆ ಹೋಗುತ್ತಾಳೆ. ಮಕ್ಕಳನ್ನು ಕರೆದುಕೊಂಡು ಗಂಡನನ್ನು ಬಿಟ್ಟುಬಿಡೆಂದು ಅವನು ಹೇಳುತ್ತಾನೆ. ರಕ್ತ ಹತ್ತಿದ ಹಣ ತನಗೆ ಬೇಡವೆಂದು ಶುಲ್ಕವನ್ನೂ ನಿರಾಕರಿಸುತ್ತಾನೆ. ತನಗೆ ಯಾರೂ ಹೇಳಲಿಲ್ಲವೆಂದು ಅವಳು ಇನ್ನು ಮುಂದೆ ನೆಪ ಹೂಡುವಂತಿಲ್ಲವೆಂದೂ ಎಚ್ಚರಿಸುತ್ತಾನೆ. ಕಾರ್ಮೆಲಾ ಮನೆಗೆ ಬಂದು ಅಳುತ್ತಾಳೆ. ಅದೇ ಗಂಡನಿಂದ ಮಗಳ ವಿಶ್ವವಿದ್ಯಾಲಯಕ್ಕೆ 50,000 ಡಾಲರ್ ದಾನ ಕೊಡಿಸುತ್ತಾಳೆ. ವಿದ್ಯಾಸಂಸ್ಥೆಯ ಗೋಡೆಗಳಿಗೆ ಹಣ ಎಲ್ಲಿಂದ ಬರುತ್ತದೆಂದು ಕೇಳದೆ ಅವುಗಳ ನೆರಳಿನಲ್ಲಿ ಪಾಠ ಹೇಳುವ ನಾವು ಅವಳನ್ನು ಸುಲಭವಾಗಿ ಹಳಿಯುವಂತಿಲ್ಲ.

ಇನ್ನೊಬ್ಬಳು ಮೆಲ್ಫಿ. ಅದೇ ವರ್ಷದ ಇನ್ನೊಂದು ಕಂತಿನಲ್ಲಿ ಅವಳ ಮೇಲೆ ಅತ್ಯಾಚಾರ ನಡೆಯುತ್ತದೆ. ಅಪರಾಧಿ ಸಿಕ್ಕಿಬಿದ್ದರೂ ಪೋಲೀಸರ ತಪ್ಪಿನಿಂದ ಬಿಡುಗಡೆ ಹೊಂದುತ್ತಾನೆ. ಟೋನಿಗೆ ಒಂದು ಮಾತು ಹೇಳಿದರೆ ಸಾಕು, ಅವನು ಸತ್ತಂತೆಯೇ. ಪ್ರೇಕ್ಷಕರೆಲ್ಲರೂ ಅವಳು ಹೇಳಲೆಂದು ಕಾಯುತ್ತಾರೆ. ಏನಾಯಿತೆಂದು ಟೋನಿ ಕೇಳುತ್ತಾನೆ. ಅವಳು ಇಲ್ಲವೆನ್ನುತ್ತಾಳೆ. ಕಂತು ಅಲ್ಲಿಗೇ ಮುಗಿಯುತ್ತದೆ. ಇಡೀ ಕೃತಿಯಲ್ಲಿ ಇಷ್ಟು ಧೀರವಾದ ಮಾತು ಇನ್ನೊಂದಿಲ್ಲ. ಪ್ರತೀಕಾರದ ಬಯಕೆ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂಬುದನ್ನು ಆ ಒಂದು ನಿರಾಕರಣೆ ನಮಗೆ ತೋರಿಸಿಕೊಡುತ್ತದೆ.

ಇನ್ನು ದೋಷಗಳ ವಿಚಾರ. ಮೆಚ್ಚಿದ ಕೃತಿಯ ದೋಷಗಳನ್ನು ಮರೆಮಾಡುವುದು ವಿಮರ್ಶೆಯಲ್ಲ.

ಟೋನಿಯ ತಾಯಿ ಲಿವಿಯಾಳ ಪಾತ್ರವನ್ನು ವಹಿಸಿದ ನ್ಯಾನ್ಸಿ ಮಾರ್ಚಂಡ್ 2000ದಲ್ಲಿ ತೀರಿಕೊಂಡರು. ಮುಂದಿನ ವರ್ಷ, ಆಕೆಯ ಹಳೆಯ ಮುಖಚಿತ್ರಗಳನ್ನು ಗಣಕಯಂತ್ರದಿಂದ ಬೇರೊಂದು ದೇಹಕ್ಕೆ ಹೊಂದಿಸಿ ಒಂದು ದೃಶ್ಯವನ್ನು ಕಟ್ಟಿದರು. ಅದು ಜೀವವಿಲ್ಲದ ಗೊಂಬೆಯಾಟ. ರಸಾಭಾಸಕ್ಕೆ ಒಳ್ಳೆಯ ಉದಾಹರಣೆ. ಅಂಥ ತಾಯಿಯ ಪಾತ್ರ ಹೋದ ಮೇಲೆ ಕಥೆಗೆ ಬೇರೊಂದು ಬೇರು ಹುಡುಕಲು ಬಹಳ ಹೊತ್ತು ಹಿಡಿಯಿತು. ನಡುವಣ ಭಾಗಗಳಲ್ಲಿ ಕನಸಿನ ದೃಶ್ಯಗಳು ಅತಿಯಾಗಿ ಬೆಳೆದಿವೆ. 2002ರಲ್ಲಿ ಕೊಲಂಬಸ್ ದಿನದ ವಿವಾದವನ್ನು ಕುರಿತು ಬಂದ ಕಂತಿನಲ್ಲಿ ಪಾತ್ರಗಳು ಮಾತಾಡುವುದಿಲ್ಲ, ಭಾಷಣ ಮಾಡುತ್ತವೆ. ಕಥೆಯ ಹೊರಗೆ ಅದೇ ವರ್ಷ ನ್ಯೂಯಾರ್ಕಿನ ಮೇಯರರು ಈ ಧಾರಾವಾಹಿಯ ಇಬ್ಬರು ನಟರನ್ನು ಕೊಲಂಬಸ್ ದಿನದ ಮೆರವಣಿಗೆಗೆ ಕರೆದಾಗ ಸಂಘಟಕರು ಒಪ್ಪದೆ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ದುಡಿದು ಬದುಕುವ ಲಕ್ಷಾಂತರ ಇಟಾಲಿಯನ್ ಅಮೆರಿಕನ್ನರಿಗೆ ಈ ಕೊಲೆಗಡುಕರೇ ಪ್ರತಿನಿಧಿಗಳಾಗಿಬಿಟ್ಟರೆಂಬ ಅವರ ನೋವನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕಲಾಗದು. ಕರಿಯರ ಪಾತ್ರಗಳಂತೂ ಬಹುಮಟ್ಟಿಗೆ ನೆರಳುಗಳಾಗಿಯೇ ಉಳಿದಿವೆ.

ಎಲ್ಲಕ್ಕಿಂತ ದೊಡ್ಡ ದೋಷ ಬೇರೆ. ಈ ಗಂಡಸರು ಕೂಡುವ ಕುಡಿತದ ಮನೆಯಲ್ಲಿ ಅರೆಬೆತ್ತಲೆಯ ಹೆಣ್ಣುಮಕ್ಕಳು ಸದಾ ಕುಣಿಯುತ್ತಿರುತ್ತಾರೆ. ಅವರಲ್ಲಿ ಒಬ್ಬಳನ್ನು ಬಡಿದು ಕೊಲ್ಲುವ ಕಂತೊಂದು 2001ರಲ್ಲಿ ಬಂದಿತು. ಆ ಒಂದು ಸಲ ಅವಳಿಗೊಂದು ಮುಖ, ಒಂದು ಹೆಸರು, ಒಂದು ಕೂಸು ಇರುವುದನ್ನು ಕೃತಿ ತೋರಿಸುತ್ತದೆ. ಮಿಕ್ಕ ಎಲ್ಲ ಕಂತುಗಳಲ್ಲಿ ಅವರು ಗೋಡೆಯ ಅಲಂಕಾರದಂತಿದ್ದಾರೆ. ಯಾವ ಪಾಪವನ್ನು ಬಯಲಿಗೆಳೆಯುತ್ತದೆಯೋ ಅದೇ ಪಾಪದಿಂದ ಕೃತಿ ತಾನೂ ಲಾಭ ಮಾಡಿಕೊಂಡಿತೆಂದು ಹೇಳದೆ ವಿಧಿಯಿಲ್ಲ.

ಇದರ ಫಲವನ್ನು ನಾನು ಕಣ್ಣಾರೆ ಕಂಡೆನು. ನಮ್ಮ ಕಾಲೇಜಿನ ಹುಡುಗನೊಬ್ಬ ತನ್ನ ಫೋನಿನ ಮುಖಪುಟಕ್ಕೆ ಟೋನಿಯ ಚಿತ್ರವನ್ನು ಹಾಕಿಕೊಂಡಿದ್ದನು. ನಾನು ನೋಡಿದ್ದನ್ನು ಕಂಡು, "ಗಂಡಸು ಅಂದ್ರೆ ಹೀಗಿರ್ಬೇಕು ಸಾರ್" ಎಂದನು. ಎಡ್ರಿಯಾನಾಳನ್ನು ಕೊಂದದ್ದು ನಿನಗೆ ಒಪ್ಪಿಗೆಯೇ ಎಂದು ಕೇಳಿದೆನು. ಪೋಲೀಸರ ಬೆದರಿಕೆಗೆ ಸಿಕ್ಕಿ ಗುಟ್ಟು ಹೇಳಿದ ಆ ಮುಗ್ಧ ಹೆಂಗಸನ್ನು 2004ರ ಕಂತೊಂದರಲ್ಲಿ ಕಾಡಿಗೆ ಕರೆದೊಯ್ದು ಕೊಲ್ಲುತ್ತಾರೆ. ಅವಳು ಎಲೆಗಳ ಮೇಲೆ ತೆವಳುತ್ತ ಹೋಗುವುದನ್ನು ಕಂಡ ಮೇಲೆ ನನಗೆ ಎರಡು ದಿನ ನೆಮ್ಮದಿ ಇರಲಿಲ್ಲ. ಹುಡುಗ ಒಂದು ಕ್ಷಣವೂ ತಡಮಾಡಲಿಲ್ಲ. "ಅವ್ಳು ಮೋಸ ಮಾಡಿದ್ಲಲ್ಲ ಸಾರ್" ಎಂದನು. ಅವನು ಕೆಟ್ಟ ಹುಡುಗನಲ್ಲ. ತಂಗಿಯ ಶುಲ್ಕಕ್ಕಾಗಿ ಸಂಜೆ ಕೆಲಸ ಮಾಡುವವನು. ಆ ದಿನ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಅವನನ್ನು ತಿದ್ದಲು ನನಗೇನು ಅಧಿಕಾರ? ಮೇನ್ ಸಂಸ್ಥಾನದ ಆ ಕೊಲೆಯ ರಾತ್ರಿ ನಾನೂ ಟೋನಿಯ ಪಕ್ಷವನ್ನೇ ವಹಿಸಿದ್ದೆನಲ್ಲವೆ?

ಹಾಗಾದರೆ ಇಂಥ ಕೃತಿಗಳನ್ನು ದೂರವಿಡಬೇಕೆ? ಹಾಗೆಂದು ನಾನು ಹೇಳಲಾರೆ. ಕೃತಿ ತನ್ನ ಕೊನೆಯಲ್ಲಿ ಉತ್ತರವೊಂದನ್ನು ಇಟ್ಟಿದೆ. ಇಂಥ ಪಾತಕಿಗಳು ಚಿಕಿತ್ಸೆಯಿಂದ ತಿದ್ದಿಕೊಳ್ಳುವುದಿಲ್ಲ, ಅದನ್ನು ತಮ್ಮ ವಂಚನೆಯ ಸಾಧನವಾಗಿಸಿಕೊಳ್ಳುತ್ತಾರೆಂಬ ವಿಚಾರವನ್ನು ಓದಿ ಮೆಲ್ಫಿ ತನ್ನ ಏಳೆಂಟು ವರ್ಷಗಳ ಶ್ರಮದ ಬಗ್ಗೆ ನಾಚುತ್ತಾಳೆ. ಟೋನಿಯ ಮುಖದ ಮುಂದೆ ಬಾಗಿಲು ಹಾಕುತ್ತಾಳೆ. ಅದರ ಮುಂದಿನ ಕಂತೇ ಕೊನೆಯದು. ನ್ಯೂಜೆರ್ಸಿಯ ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿ ಟೋನಿ, ಅವನ ಹೆಂಡತಿ, ಮಗ ಕುಳಿತಿದ್ದಾರೆ. ಹೊರಗೆ ಮೆಡೊ ಕಾರು ನಿಲ್ಲಿಸಲು ಹೆಣಗುತ್ತಿದ್ದಾಳೆ. ಬಾಗಿಲ ಗಂಟೆ ಸದ್ದಾಗುತ್ತದೆ, ಟೋನಿ ತಲೆಯೆತ್ತುತ್ತಾನೆ, ಪರದೆ ಕಪ್ಪಾಗುತ್ತದೆ. ತಮ್ಮ ಪೆಟ್ಟಿಗೆ ಕೆಟ್ಟಿತೆಂದು ಅಂದು ಅನೇಕರು ಬಗೆದರಂತೆ. ಅವನು ಸತ್ತನೋ ಬದುಕಿದನೋ ಎಂಬ ಚರ್ಚೆ ಇನ್ನೂ ನಿಂತಿಲ್ಲ.

ನನಗೆ ಆ ಚರ್ಚೆಯಲ್ಲಿ ಆಸಕ್ತಿ ಕಡಮೆ. ಆ ಕರಿಯ ಪರದೆಯಲ್ಲಿ ಕೆಲವು ಕ್ಷಣ ನನ್ನ ಮುಖವೇ ಕಂಡಿತು. ಮೆಲ್ಫಿ ಹಾಕಿದ ಬಾಗಿಲನ್ನು ಕವಿಯೂ ನಮ್ಮ ಮುಂದೆ ಹಾಕಿದನೆಂದು ತೋರಿತು. ಪ್ರೀತಿಸಲು ಕಲಿಸಿದ್ದು ಕಲೆ. ಆ ಪ್ರೀತಿಯನ್ನು ಪರೀಕ್ಷಿಸಿಕೊಳ್ಳುವ ಹೊಣೆ ನೋಡುವವನದು. ಆ ಎರಡನೆಯ ಪಾಠವನ್ನು ಪರದೆ ಕಲಿಸಲಾರದು. ತರಗತಿಯ ಕೋಣೆ, ಮನೆಯ ಜಗಲಿ, ಗೆಳೆಯರ ಮಾತುಕತೆಗಳೇ ಅದಕ್ಕೆ ಶಾಲೆ.

ರಜೆ ಮುಗಿದು ಕಾಲೇಜು ತೆರೆದ ಮೇಲೆ ಆ ಹುಡುಗನನ್ನು ಕರೆದು, ಮೇನ್ ಕಂತನ್ನು ನೋಡುವಾಗ ನಾನು ಯಾರ ಪಕ್ಷದಲ್ಲಿದ್ದೆನೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದೆನು. ಸತ್ತವನ ಪುಟ್ಟ ಮಗಳು ನಿನಗೆ ನೆನಪಿದ್ದಾಳೆಯೇ ಎಂದು ಕೇಳಿದೆನು. ಅವನು ಬಹಳ ಹೊತ್ತು ಯೋಚಿಸಿದನು. "ಇಲ್ಲ ಸಾರ್, ಮತ್ತೊಂದ್ಸಲ ನೋಡ್ತೀನಿ" ಎಂದನು.

ಅಷ್ಟು ಸಾಕು ಎಂದುಕೊಂಡು ನಾನು ಪಾಠಕ್ಕೆ ಹೋದೆನು.