ಚೆಕ್ ವಾಪಸ್ ಬಂದ್ರೆ ಮೊದಲು ಕ್ಯಾಲೆಂಡರ್ ನೋಡಿ

ಯುಪಿಐ ಬಂದ ಮೇಲೆ ಚೆಕ್ ಬುಕ್ ಅನ್ನೋದು ನಮ್ಮ ವಯಸ್ಸಿನವರಿಗೆ ಬೀರುವಿನ ಮೂಲೆ ಸೇರಿದ ವಸ್ತು. ಆದರೆ ನಮ್ಮ ಹಿರೀಸಾವೆ ಕಡೆ ಬನ್ನಿ. ಕೊಬ್ಬರಿ ವ್ಯಾಪಾರ, ಸೈಟಿನ ಅಡ್ವಾನ್ಸ್, ಕೈಸಾಲ, ಚೀಟಿ ಎಲ್ಲದರಲ್ಲೂ ಚೆಕ್ ಇನ್ನೂ ಓಡಾಡ್ತಾನೇ ಇದೆ. ಓಡಾಡೋ ಚೆಕ್ಕು ಒಮ್ಮೊಮ್ಮೆ ವಾಪಸ್ಸೂ ಬರುತ್ತೆ.

ಕಳೆದ ವರ್ಷ ನಮ್ಮ ದೊಡ್ಡಪ್ಪನಿಗೆ ಹೀಗೇ ಆಯ್ತು. ಕೊಬ್ಬರಿ ತಗೊಂಡು ಹೋದ ಬೇರೆ ಜಿಲ್ಲೆಯ ವ್ಯಾಪಾರಿ 1,80,000 ರೂಪಾಯಿಗೆ ಚೆಕ್ ಕೊಟ್ಟಿದ್ದ. ಖಾತೇಲಿ ದುಡ್ಡಿಲ್ಲ ಅಂತ ಅದು ವಾಪಸ್ ಬಂತು. ಫೋನ್ ಮಾಡಿದಾಗಲೆಲ್ಲ "ಮುಂದಿನ ವಾರ ಹಾಕ್ತೀನಿ ಯಜಮಾನ್ರೇ" ಅನ್ನೋದೊಂದೇ ಉತ್ತರ. ನಾನು ಊರಿಗೆ ಹೋದಾಗ ಕೇಳಿದ್ರೆ ದೊಡ್ಡಪ್ಪ, "ಅವನಿಗೂ ಏನು ಕಷ್ಟವೋ ಕಣ್ಲಾ, ಕೋರ್ಟು ಕಚೇರಿ ಯಾಕೆ" ಅಂದ್ರು. ಆ ಮಾತಲ್ಲಿ ದೊಡ್ಡತನ ಇದೆ, ಒಪ್ತೀನಿ. ಆದರೆ ಬ್ಯಾಂಕಿನ ಮೆಮೋ ಕೈಗೆ ಬಂದು ಆಗಲೇ 22 ದಿನ ಕಳೆದಿತ್ತು. ಇನ್ನು ಉಳಿದಿದ್ದು 8 ದಿನ ಅಷ್ಟೇ.

ಯಾಕೆ 8 ದಿನ? ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ 1881ನೇ ಇಸವಿಯದು. ಚೆಕ್ ಬೌನ್ಸ್ ಅಪರಾಧ ಅನ್ನೋ 138ನೇ ಸೆಕ್ಷನ್ ಮಾತ್ರ ಜಾರಿಗೆ ಬಂದಿದ್ದು 1989ರ ಏಪ್ರಿಲ್ 1ರಿಂದ. ಚೆಕ್ಕನ್ನ ಅದರ ಮೇಲಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸ್ ಬಂತು ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ಮುಟ್ಟಿದ ಮೇಲೆ ಕೊಟ್ಟವನಿಗೆ 15 ದಿನ ಟೈಮು. ಆಗಲೂ ಕೊಡದಿದ್ರೆ, ಆಮೇಲಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ದೂರು. ದೂರು ತಡವಾದ್ರೆ ಸರಿಯಾದ ಕಾರಣ ತೋರಿಸಿ ಕೋರ್ಟನ್ನ ಒಪ್ಪಿಸಬಹುದು. ನೋಟಿಸಿನ 30 ದಿನಕ್ಕೆ ಆ ರಿಯಾಯಿತಿ ಇಲ್ಲ. ವಾಟ್ಸಾಪಲ್ಲಿ "ಅಣ್ಣಾ, ದುಡ್ಡು ಯಾವಾಗ" ಅಂತ ನೂರು ಸಲ ಕೇಳಿದ್ರೂ ಅದು ಈ ನೋಟಿಸ್ ಆಗಲ್ಲ. ವಕೀಲರ ಕೈಲಿ ಬರೆಸಿ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿ. ಚೆಕ್ಕಿನ ಮೊತ್ತ ಅದರಲ್ಲಿ ಒಂದು ರೂಪಾಯಿಯೂ ಆಚೀಚೆ ಆಗಬಾರದು.

ದೊಡ್ಡಪ್ಪನಿಗಿದ್ದ ಇನ್ನೊಂದು ಭಯ, ಆ ವ್ಯಾಪಾರಿಯ ಊರಿಗೆ ಅಲೆಯೋದು. 2014ರಲ್ಲಿ ಸುಪ್ರೀಂ ಕೋರ್ಟು, ಚೆಕ್ ಕೊಟ್ಟವನ ಬ್ಯಾಂಕು ಎಲ್ಲಿದೆಯೋ ಅಲ್ಲೇ ಕೇಸು ಹಾಕಬೇಕು ಅಂದಿತ್ತು. 2015ರ ತಿದ್ದುಪಡಿ ಅದನ್ನ ತಿರುಗಿಸಿತು. ಈಗ ಹಣ ಬರಬೇಕಾದವನ ಖಾತೆ ಇರೋ ಶಾಖೆಯ ವ್ಯಾಪ್ತಿಯ ಕೋರ್ಟೇ ಸಾಕು. ಹಿರೀಸಾವೆಯಲ್ಲಿ ಖಾತೆ ಇದ್ರೆ ಚನ್ನರಾಯಪಟ್ಟಣಕ್ಕೆ ಹೋದ್ರಾಯ್ತು. ರೈತನ ಪಾಲಿಗೆ ಇದಕ್ಕಿಂತ ಒಳ್ಳೆ ತಿದ್ದುಪಡಿ ಈ ಕಾನೂನಿನಲ್ಲಿ ಬಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಇದನ್ನ ಕೇಳಿದ ಮೇಲೇ ದೊಡ್ಡಪ್ಪ ನೋಟಿಸಿಗೆ ಸಹಿ ಹಾಕಿದ್ದು. ನೋಟಿಸ್ ಮುಟ್ಟಿದ 12ನೇ ದಿನ ದುಡ್ಡು ಬಂತು. ಬಡ್ಡಿಯೂ ಇಲ್ಲ, ಒಂದು ಮಾತೂ ಇಲ್ಲ!

ಎಲ್ಲ ಕೇಸೂ ಇಷ್ಟು ಬೇಗ ಮುಗಿಯಲ್ಲ. ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಸಿದ ಒಬ್ಬರು, ಕೆಲಸ ನೋಡಿಕೊಂಡ ಸಿವಿಲ್ ಎಂಜಿನಿಯರ್‌ಗೆ ಕೊಟ್ಟ 45,000 ರೂಪಾಯಿ ಚೆಕ್ 2001ರ ಫೆಬ್ರವರಿಯಲ್ಲಿ ವಾಪಸ್ ಬಂತು. ಕೊಟ್ಟವರೇ 'ಸ್ಟಾಪ್ ಪೇಮೆಂಟ್' ಮಾಡಿಸಿದ್ರು. ಅದು ಕಳೆದುಹೋಗಿದ್ದ ಖಾಲಿ ಚೆಕ್ಕು ಅನ್ನೋದು ಅವರ ವಾದ. ಕೆಳಗಿನ ಕೋರ್ಟು ಬಿಟ್ಟಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, 2010ರ ಮೇನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 45,000ಕ್ಕೆ ಒಂಬತ್ತು ವರ್ಷ! ವಕೀಲರು 'ರಂಗಪ್ಪ ಕೇಸು' ಅನ್ನೋದು ಇದನ್ನೇ. ಚೆಕ್ಕಿನ ಸಹಿ ನಿಮ್ಮದೇ ಅಂತಾದ್ರೆ, ಸಾಲ ಇತ್ತು ಅಂತಲೇ ಕೋರ್ಟು ಹಿಡಿಯುತ್ತೆ. ಇರಲಿಲ್ಲ ಅಂತ ನಂಬುವ ಹಾಗೆ ತೋರಿಸಬೇಕಾದ್ದು ಸಹಿ ಹಾಕಿದವರು.

ಈಗ ಚೆಕ್ ಕೊಡುವವರ ಕಡೆಗೆ ಬನ್ನಿ. ಚೀಟಿ ನಡೆಸೋರು, ಫೈನಾನ್ಸಿನವರು "ಸೆಕ್ಯೂರಿಟಿಗೆ ಎರಡು ಖಾಲಿ ಚೆಕ್ ಕೊಡಿ ಸಾರ್" ಅಂತಾರೆ. ಮೊತ್ತವನ್ನ ಬೇರೆಯವರು ತುಂಬಿದ್ರೂ, ನೀವಾಗಿಯೇ ಸಹಿ ಹಾಕಿ ಕೊಟ್ಟಿದ್ರೆ ಮೇಲಿನ ನಿಯಮವೇ ಅನ್ವಯ ಅಂತ 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೊಡಲೇಬೇಕಾದ್ರೆ ಹೆಸರು, ಮೊತ್ತ ಬರೆದು, ಫೋಟೋ ತೆಗೆದಿಟ್ಟು ಕೊಡಿ. ಸಾಲ ತೀರಿದ ದಿನವೇ ವಾಪಸ್ ಇಸ್ಕೊಳ್ಳಿ. ಖಾತೆ ಕ್ಲೋಸ್ ಮಾಡಿಬಿಟ್ರೆ ಬಚಾವ್ ಅಂದ್ಕೋಬೇಡಿ, ಅದೂ 138ರೊಳಗೇ ಬರುತ್ತೆ. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. 2018ರಿಂದ, ಕೇಸು ಮುಗಿಯೋ ಮೊದಲೇ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸೋ ಅಧಿಕಾರವೂ ಕೋರ್ಟಿಗಿದೆ. ರಾಜಿ ಬಾಗಿಲು ಮಾತ್ರ ಯಾವಾಗಲೂ ತೆರೆದಿರುತ್ತೆ, ಲೋಕ ಅದಾಲತ್‌ನಲ್ಲೂ ಮುಗಿಸಿಕೊಳ್ಳಬಹುದು.

"ನಾನು ಚೆಕ್ಕೇ ಬರೆಯಲ್ಲ" ಅನ್ನೋರಿಗೂ ಒಂದು ಮಾತು. ಇಎಂಐಗೆ ಕೊಟ್ಟಿರೋ ಆಟೋ ಡೆಬಿಟ್ ದುಡ್ಡಿಲ್ಲದೆ ಬೌನ್ಸ್ ಆದ್ರೆ, 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಆಕ್ಟಿನ 25ನೇ ಸೆಕ್ಷನ್ ಇದೆ. ನೋಟಿಸು, 15 ದಿನ, ಶಿಕ್ಷೆ ಎಲ್ಲ ಹೆಚ್ಚುಕಡಿಮೆ ಇದೇ ಥರ. ಸಂಬಳ 1ನೇ ತಾರೀಖು ಬಂದು ಇಎಂಐ 30ಕ್ಕೆ ಕಟ್ ಆಗ್ತಿದ್ರೆ, ದಿನ ಬದಲಿಸಿಕೊಡಿ ಅಂತ ಸಾಲ ಕೊಟ್ಟವರಿಗೆ ಇವತ್ತೇ ಒಂದು ಮೇಲ್ ಹಾಕಿ.