ಆರೋಗ್ಯ ವಿಚಾರ: ಮುಪ್ಪಡರುವ ನರಕೋಶಗಳು

ಗೋಕಾಕದ ಕರದಂಟನ್ನು ಅರಿಯದ ಮನೆ ನಮ್ಮ ಸೀಮೆಯಲ್ಲಿ ವಿರಳ. ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿಗಳನ್ನು ತುಪ್ಪ ಬೆಲ್ಲಗಳೊಡನೆ ಕೂಡಿಸಿ ಮಾಡಿದ ಆ ತಿನಿಸು ಹೊಸದಿದ್ದಾಗ ಎಷ್ಟು ರುಚಿಕರವೋ, ಬಹುದಿನ ಗಾಳಿಗೆ ತೆರೆದಿಟ್ಟರೆ ಅಷ್ಟೇ ಕಮಟಾಗುವದು. ಗಾಳಿಯಲ್ಲಿಯ ಪ್ರಾಣವಾಯುವು ಜಿಡ್ಡಿನೊಡನೆ ಕೂಡಿ ಅದನ್ನು ಕೆಡಿಸುವದೇ ಇದಕ್ಕೆ ಕಾರಣ. ನಮ್ಮ ಮೆದುಳಿನಲ್ಲಿಯೂ ಇಂಥದೇ ಕಾರ್ಯವೊಂದು ನಡೆದಿರುವದೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಮೆದುಳಿನ ತೂಕವು ಶರೀರದ ತೂಕದಲ್ಲಿ ನೂರಕ್ಕೆ ಸುಮಾರು 2ರಷ್ಟು ಮಾತ್ರ. ಆದರೆ ಶರೀರವು ವಿಶ್ರಾಂತಿಯಲ್ಲಿದ್ದಾಗ ಬಳಸುವ ಪ್ರಾಣವಾಯುವಿನಲ್ಲಿ ನೂರಕ್ಕೆ 20ರಷ್ಟು ಅದಕ್ಕೇ ಸಲ್ಲುವದು. ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳೆಂಬ ಕಣಗಳು ಒಲೆಯಂತೆ ಶಕ್ತಿಯನ್ನು ಒದಗಿಸುವವು. ಒಲೆಯಿಂದ ಕಿಡಿ ಸಿಡಿಯುವಂತೆ ಅಲ್ಲಿಂದ ಪ್ರಾಣವಾಯುವಿನ ಉಗ್ರ ರೂಪಗಳು ಹೊರಬೀಳುವವು. ಅವನ್ನು ಶಮನಗೊಳಿಸುವ ಸಾಧನಗಳೂ ಕೋಶದಲ್ಲಿಯೇ ಇವೆ. ಅವು ಸೋತಾಗ ಕೋಶದ ಜಿಡ್ಡಿನ ಪೊರೆಗಳು ಕೆಡುವವು. ಇದಕ್ಕೆ ಉತ್ಕರ್ಷಣ ಒತ್ತಡವೆಂದು ಹೆಸರು. ಮುಪ್ಪಿಗೆ ಇದೇ ಮೂಲವೆಂದು ಡೆನ್‌ಹ್ಯಾಮ್ ಹಾರ್ಮನ್ ಎಂಬ ವಿದ್ವಾಂಸರು 1956ರಲ್ಲಿ ಪ್ರತಿಪಾದಿಸಿದರು. ಇದೊಂದೇ ಮೂಲವಲ್ಲವೆಂಬುದು ಈಗಿನ ತಿಳಿವಳಿಕೆ. ಚರ್ಮದ ಕೋಶ ಸತ್ತರೆ ಅದರ ಎಡೆಗೆ ಹೊಸದು ಬರುವದು. ನರಕೋಶಗಳಾದರೋ ಬಹುತರವಾಗಿ ಹುಟ್ಟಿನಿಂದ ಕೊನೆಯ ವರೆಗೆ ಅವೇ.

ಬದುಕಿರುವ ಮನುಷ್ಯನ ಮೆದುಳನ್ನು ತೆರೆದು ಈ ಸವಕಳಿಯನ್ನು ಪರೀಕ್ಷಿಸಲಾಗದು. ಆದುದರಿಂದ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಅದರ ಮಾದರಿಗಳನ್ನು ಕಲ್ಪಿಸುವರು. ತಟ್ಟೆಯಲ್ಲಿ ನರಕೋಶಗಳನ್ನು ಬೆಳೆಸಿ, ಹೈಡ್ರೋಜನ್ ಪೆರಾಕ್ಸೈಡಿನಂಥ ದ್ರವ್ಯವನ್ನು ಬೆರೆಸಿ, ಕೆಡುವ ಬಗೆಯನ್ನು ನೋಡುವದು ಒಂದು ಕ್ರಮ. ಅಲ್ಪಾಯುವಾದ ಹಣ್ಣಿನ ನೊಣವನ್ನು ಬಳಸುವದು ಮತ್ತೊಂದು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಹೊಸಮನಿ ಮತ್ತು ಮುರಳೀಧರರು 2009ರಲ್ಲಿ ಇಂಥದೊಂದು ಪ್ರಯೋಗವನ್ನು ಪ್ರಕಟಿಸಿದರು. ಮೈಟೊಕಾಂಡ್ರಿಯದ ಕೆಲಸವನ್ನು ತಡೆಯುವ ರೊಟೆನೋನ್ ಎಂಬ ಸಸ್ಯವಿಷವನ್ನು ತಿಂದ ನೊಣಗಳು ಕೊಳವೆಯ ಗೋಡೆಯನ್ನು ಏರುವ ಬಲವನ್ನು ಕಳೆದುಕೊಂಡವು. ನೀರುಬ್ರಾಹ್ಮಿಯನ್ನೂ ತಿಂದ ನೊಣಗಳಲ್ಲಿ ಸಾವು ಕಡಿಮೆಯಾಗಿ, ಏರುವ ಶಕ್ತಿ ಉತ್ತಮವಾಗಿತ್ತು.

ಇದನ್ನೋದಿ ಯಾರೂ ಕೂಡಲೇ ಚೂರ್ಣದ ಅಂಗಡಿಗೆ ಓಡಬಾರದು. ನಮ್ಮಲ್ಲಿ ಬ್ರಾಹ್ಮಿಯೆಂದು ಹಲವರು ಕರೆಯುವ ಒಂದೆಲಗವು ಬೇರೆಯೇ ಸಸ್ಯ. ಅಲ್ಲದೆ ಕೆಲವು ದಿನ ವಿಷವುಂಡ ನೊಣವೂ, ಎಪ್ಪತ್ತು ವರ್ಷ ಬಾಳಿದ ಮನುಷ್ಯನೂ ಒಂದಲ್ಲ. ನೆನಪು ಕುಂದತೊಡಗಿದ 769 ಜನರ ಮೇಲೆ ನಡೆದ ಪರೀಕ್ಷೆಯೊಂದರ ಫಲ 2005ರಲ್ಲಿ ಹೊರಬಂದಿತು. ಉತ್ಕರ್ಷಣವನ್ನು ತಡೆಯುವದೆಂದು ಖ್ಯಾತವಾದ ಇ ಜೀವಸತ್ವವನ್ನು ಮೂರು ವರ್ಷ ಕೊಟ್ಟರೂ, ಅಲ್ಝೈಮರ್ ರೋಗಕ್ಕೆ ಜಾರುವದು ತಪ್ಪಲಿಲ್ಲ. ಮಾದರಿಯು ದಾರಿಯನ್ನು ತೋರಬಲ್ಲದು, ಊರನ್ನು ಮುಟ್ಟಿಸಲಾರದು.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಮೂಡಲಗಿಯಲ್ಲಾಗಲಿ ಹುಕ್ಕೇರಿಯಲ್ಲಾಗಲಿ, ಮನೆಯ ಹಿರಿಯರು ಬಂದ ದಾರಿಯನ್ನೇ ಮರೆತರೆ, ಅರವತ್ತಕ್ಕೆ ಅರಳು ಮರಳೆಂದು ನಕ್ಕು ಸುಮ್ಮನಾಗುವದು ನಮ್ಮ ರೂಢಿ. ಇದು ಸಲ್ಲದು. ಬಿ12 ಜೀವಸತ್ವದ ಕೊರತೆ, ಥೈರಾಯಿಡ್ ಗ್ರಂಥಿಯ ಮಂದತೆಗಳಿಂದಲೂ ಮರೆವು ಬರುವದುಂಟು. ವೇಳೆಗೆ ಕಂಡುಹಿಡಿದರೆ ಇವುಗಳಿಗೆ ಚಿಕಿತ್ಸೆಯುಂಟು. ಆದುದರಿಂದ ಅಂಥವರನ್ನು ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕರದಂಟಿನ ಡಬ್ಬಿಯ ಮೇಲೆ ನಾವಿಡುವ ಕಾಳಜಿಯಲ್ಲಿ ಅರ್ಧದಷ್ಟಾದರೂ, ಅದನ್ನು ನಮಗೆ ಕಟ್ಟಿಕೊಟ್ಟ ಕೈಗಳಿಗೆ ಸಲ್ಲಲಿ.