ಸುರಂಗದ ನೀರು ಪರಂಪರೆಯಲ್ಲವೇ?



ಪರಂಪರೆಯ ರಕ್ಷಣೆ ಎಂದ ಕೂಡಲೇ ಕರ್ನಾಟಕದಲ್ಲಿ ಮಾತು ಕೋಟೆ, ಗುಡಿ, ಅರಮನೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಅನುದಾನ ಬಂದರೆ ದೀಪಾಲಂಕಾರಕ್ಕೆ, ಬೇಲಿಗೆ, ವಾಹನ ನಿಲುಗಡೆಗೆ. ಜನ ಇಂದಿಗೂ ನೀರು ಕುಡಿಯುತ್ತಿರುವ ಪರಂಪರೆಯೊಂದು ಬಂಟ್ವಾಳ ತಾಲ್ಲೂಕಿನಲ್ಲೂ ಗಡಿಯಾಚೆ ಕಾಸರಗೋಡಿನ ಎಣ್ಮಕಜೆ, ಬಾಯಾರುಗಳಲ್ಲೂ ಗುಡ್ಡದ ಹೊಟ್ಟೆಯಲ್ಲಿದೆ. ಅದನ್ನು ಯಾರೂ ಸ್ಮಾರಕವೆಂದು ಎಣಿಸಿಲ್ಲ. ಅದೇ ಸುರಂಗ.

ಮುರಕಲ್ಲಿನ ಗುಡ್ಡದ ಮಗ್ಗುಲಿಗೆ ಒಬ್ಬ ಆಳು ನುಸುಳುವಷ್ಟೇ ಅಗಲದ ದಾರಿ ಕೊರೆಯುತ್ತಾರೆ. ಒಸರು ಸಿಕ್ಕಿದರೆ ನೀರು ಇಳಿಜಾರಿನಲ್ಲಿ ತಾನೇ ಹೊರಗೆ ಹರಿದು ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಹಿಂದೆ ಅದನ್ನು ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ತರುತ್ತಿದ್ದರು, ಈಗ ಪೈಪು ಬಂದಿದೆ. ಗಿಡಮರ ನೋಡಿ ನೀರಿನ ಜಾಗ ಅಂದಾಜಿಸುವುದು, ಒಳಗೆ ದೀಪ ಮಂಕಾದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುವುದು, ಇವೆಲ್ಲ ಕೆಲಸ ಮಾಡುತ್ತಲೇ ಕಲಿತ ವಿದ್ಯೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಒಂದಾದ ಮೇಲೊಂದು ಸುರಂಗ ತೋಡಿದರು. ಹಲವು ವ್ಯರ್ಥವಾದವು. ಕೊನೆಗೆ ನೀರು ಸಿಕ್ಕಿತು, ತೋಟ ಎದ್ದಿತು, 2022ರಲ್ಲಿ ಪದ್ಮಶ್ರೀಯೂ ಬಂತು. ಆದರೆ ಆ ಕೈಚಳಕ ಬಲ್ಲವರು ಕಡಿಮೆಯಾಗುತ್ತಲೇ ಇದ್ದಾರೆ. ಸುರಂಗವಿದ್ದ ಮನೆಗಳಲ್ಲೂ ಕೊಳವೆಬಾವಿ ಕೊರೆಸುವುದು ರೂಢಿಯಾಗಿದೆ.

ಈ ವಿದ್ಯೆಯನ್ನು ಕಾಪಾಡಬೇಕಾದ ಊರಿನ ವಸ್ತುಸಂಗ್ರಹಾಲಯದ ಕೆಲಸ ಇಲ್ಲಿಂದಲೇ ಶುರುವಾಗಬೇಕು. ಬಿ.ಸಿ.ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ತುಳು ಬದುಕಿನ ಸಾಮಗ್ರಿ ಕೂಡಿಹಾಕಿದ್ದಾರೆ. ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟಿದರು. ಎರಡೂ ಹುಟ್ಟಿದ್ದು ವ್ಯಕ್ತಿಗಳ ಹಟದಿಂದ. ಈ ಹಟಕ್ಕೆ ನಾಡು ಋಣಿ. ಆದರೆ ಹಟವನ್ನೇ ನಂಬಿ ಒಂದು ಸಂಸ್ಥೆ ಎಷ್ಟು ಕಾಲ ನಡೆದೀತು? ಕಟ್ಟಡಕ್ಕೆ ಒಮ್ಮೆ ಹಣ ಕೊಟ್ಟು ಕೈತೊಳೆದುಕೊಂಡರೆ ಕಾವಲುಗಾರನ ಸಂಬಳ, ಗೆದ್ದಲಿಗೆ ಔಷಧಿ, ಹಿರಿಯರ ಮಾತನ್ನು ದಾಖಲಿಸುವ ಖರ್ಚು ಯಾರ ಪಾಲಿಗೆ?

2022ರಲ್ಲಿ ಪ್ರಾಗ್ ನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ ವಸ್ತುಸಂಗ್ರಹಾಲಯದ ಹೊಸ ವ್ಯಾಖ್ಯೆಯನ್ನು ಒಪ್ಪಿತು. ಸಮುದಾಯಗಳ ಪಾಲ್ಗೊಳ್ಳುವಿಕೆಯೂ ಸುಸ್ಥಿರತೆಯೂ ಅದರಲ್ಲಿ ಸೇರಿವೆ. ಹೀಗೆ ನಡೆಯುವುದು ಹೇಗೆಂದು ಇರಾನಿನ ಯಜ್ದ್ ನಗರ ಅದಕ್ಕೂ ಮೊದಲೇ ತೋರಿಸಿತ್ತು. ಅಲ್ಲಿನ ಹಳೆಯ ಮನೆಯೊಂದರಲ್ಲಿ 2000ದಲ್ಲಿ ತೆರೆದ ಜಲ ವಸ್ತುಸಂಗ್ರಹಾಲಯದಲ್ಲಿ ಕನಾತ್ ಎಂಬ ನೆಲದಡಿಯ ನೀರಿನ ಕಾಲುವೆ ತೋಡುವವರ ಉಪಕರಣಗಳಿವೆ, ಅವರು ತೊಡುವ ಬಿಳಿ ಬಟ್ಟೆಯೂ ಇದೆ. 2016ರಲ್ಲಿ ಇರಾನಿನ 11 ಕನಾತ್‌ಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಅದೇ ವಿದ್ಯೆಯ ಕುಡಿ ಬೀದರಿನ ಕರೇಜ್. ಬಹಮನಿ ಅರಸರ ಕಾಲದಲ್ಲಿ, 15ನೇ ಶತಮಾನದಲ್ಲಿ ತೋಡಿದ ನೌಬಾದ್ ಕರೇಜಿಗೆ 21 ಗಾಳಿಬಾವಿಗಳು. ಮೇಲಿನ ಮುರಕಲ್ಲಿನಲ್ಲಿ ಇಂಗಿದ ನೀರು ಕೆಳಗಿನ ಕಪ್ಪು ಬಂಡೆಗೆ ತಾಗಿ ನಿಲ್ಲುತ್ತದೆ. ಆ ಸಂದಿನಲ್ಲೇ ಕಾಲುವೆ ಸಾಗುತ್ತದೆ. ಕಳೆದ ದಶಕದಲ್ಲಿ ಹೂಳೆತ್ತಿದಾಗ ನೀರು ಮತ್ತೆ ಕಂಡಿತು. ಆದರೆ ಕರೇಜಿನ ನೆತ್ತಿಯ ಮೇಲೆ ಬಡಾವಣೆ ಎದ್ದು, ಸುತ್ತ ಕೊಳವೆಬಾವಿ ಇಳಿದರೆ ಹೂಳೆತ್ತಿದ್ದರಿಂದ ಏನೂ ಉಳಿಯದು. ಕಾಲಡಿಯಲ್ಲಿ ಏನಿದೆಯೆಂದು ಮೇಲೆ ವಾಸಿಸುವವರಿಗೆ ಮೊದಲು ಗೊತ್ತಾಗಬೇಕು. ಗೊತ್ತುಮಾಡಿಸಲು ನೌಬಾದಿನಲ್ಲೇ, ಗಾಳಿಬಾವಿಯ ಬದಿಯಲ್ಲೇ ಒಂದು ಸಂಗ್ರಹಾಲಯ ಬೇಕು.

ಸುರಂಗಗಳು ಖಾಸಗಿ ಜಮೀನಿನಲ್ಲಿವೆ, ಸರ್ಕಾರ ಕೈಹಾಕುವುದು ಹೇಗೆ ಎಂಬ ಆಕ್ಷೇಪ ಬರಬಹುದು. ಅದು ನ್ಯಾಯವೇ. ಆದರೆ ದಾಖಲಿಸಲು ಜಮೀನು ವಶಪಡಿಸಿಕೊಳ್ಳಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಊರಿನ ಗಿಡ, ತಳಿ, ಔಷಧಿಗಳ ವಿವರವನ್ನು ಸ್ಥಳೀಯ ಸಮಿತಿಗಳು ಜನತಾ ದಾಖಲಾತಿಯಲ್ಲಿ ಬರೆದಿಡುವ ಕ್ರಮವಿದೆ. ಸುರಂಗ, ಮಳೆನೀರು ಇಂಗಿಸುವ ಮದಕ, ಬೇಸಗೆಯಲ್ಲಿ ಹೊಳೆಗೆ ಹಾಕುವ ಕಟ್ಟಗಳಿಗೂ ಅಂಥದೇ ಪುಸ್ತಕ ತೆರೆಯುವುದು ಕಷ್ಟವಲ್ಲ. ಅಡಿಕೆ ಪತ್ರಿಕೆಯ ಶ್ರೀಪಡ್ರೆಯವರು ಸುರಂಗಗಳ ಬಗ್ಗೆ ದಶಕಗಳಿಂದ ಬರೆಯುತ್ತಲೇ ಬಂದಿದ್ದಾರೆ; ಕೆಲಸ ಸೊನ್ನೆಯಿಂದ ಶುರುವಾಗಬೇಕಾಗಿಲ್ಲ.

ಹೀಗಾಗಿ ಪ್ರವಾಸೋದ್ಯಮ ಮತ್ತು ಪುರಾತತ್ವ ಇಲಾಖೆಗಳು ಸ್ಮಾರಕಗಳ ಹಣದಲ್ಲಿ ಒಂದು ಪಾಲನ್ನು ಊರಿನ ಸಂಗ್ರಹಾಲಯಗಳ ವಾರ್ಷಿಕ ನಿರ್ವಹಣೆಗೆ ಮೀಸಲಿಡಲಿ. ಪಡೆದವರು ಹತ್ತಿರದ ಶಾಲೆಯ ಮಕ್ಕಳನ್ನು ಬಳಕೆಯಲ್ಲಿರುವ ಸುರಂಗಕ್ಕೋ ಕಟ್ಟಕ್ಕೋ ಕರೆದೊಯ್ಯಬೇಕು, ತೋಡಬಲ್ಲವರಿಗೆ ಕಲಿಸುವ ಸಂಭಾವನೆ ಕೊಡಬೇಕು ಎಂಬ ಷರತ್ತಿರಲಿ. ಬಂಟ್ವಾಳ ತಾಲ್ಲೂಕಿನಲ್ಲೂ ಬೀದರಿನಲ್ಲೂ ಇದನ್ನು ಬರುವ ಬಜೆಟ್ಟಿನಲ್ಲೇ ಮೊದಲುಮಾಡಬಹುದು.

— ಓದುಗ, ಬಂಟ್ವಾಳ ತಾಲ್ಲೂಕು